ಉಳಿವೆಪ್ಪ ಮಾವನ ಇಂಗ್ಲಿಷ್

ನಮ್ಮಪ್ಪ ಬಸವಣ್ಣೆಪ್ಪ ಇಂಗ್ಲಿಷ್ ಬಲ್ಲ ಅಳಿಯನೇ ಬೇಕೆಂದು ಹಟ ಹಿಡಿದದ್ದು ಹಿರೇಕೆರೂರ ಕಚೇರಿಯಲ್ಲಿ. ಮೂವತ್ತೇಳನೇ ಇಸವಿ ಇರಬೇಕು. ಹೊಲದ ಕಾಗದಪತ್ರದ ಕೆಲಸಕ್ಕೆಂದು ಹೋಗಿ ನಿಂತಿದ್ದಾಗ ಮಾಮಲೇದಾರರು ಕಾರಕೂನನಿಗೆ ಇಂಗ್ಲಿಷಿನಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ತನ್ನ ಹೊಸ ರುಮಾಲು ನೋಡಿಯೇ ನಕ್ಕರೆಂದು ಅಪ್ಪನ ಅನುಮಾನ. ನಮ್ಮೂರು ಹಂಸಭಾವಿ ಮುಟ್ಟುವವರೆಗೂ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡೇ ಚಕ್ಕಡಿಯಲ್ಲಿ ಕೂತಿದ್ದ. ಮನೆಗೆ ಬಂದವನೇ, ವೀರವ್ವನ ಗಂಡನಾಗುವವನಿಗೆ ಇಂಗ್ಲಿಷ್ ಬರಬೇಕು, ಆ ಜನ ಯಾಕೆ ನಗುತ್ತಾರೆಂದು ಅವನು ನನಗೆ ಹೇಳಬೇಕು ಎಂದ. ವೀರವ್ವ ನನ್ನ ಅಕ್ಕ. ಎಂಥ ಗಂಡ ಬೇಕೆಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ಆಗ ಎಲ್ಲಿತ್ತು?

ಹೀಗಿರುವಾಗ ತಡಸದಿಂದ ಉಳಿವೆಪ್ಪ ಹೆಣ್ಣು ನೋಡಲು ಬಂದ. ಹುಬ್ಬಳ್ಳಿಯಲ್ಲಿ ಒಂದಷ್ಟು ದಿನ ಇಂಗ್ಲಿಷ್ ಶಾಲೆಗೆ ಹೋಗಿದ್ದನಂತೆ. ಅಲ್ಲಿ ಮತ್ತೇನು ಕಲಿತನೋ ಗೊತ್ತಿಲ್ಲ, ಮುಂಬಯಿ ಪೇಪರಿನಲ್ಲಿ ಬರುವ ಒಂದು ಆಟವನ್ನಂತೂ ಕಲಿತು ಬಂದಿದ್ದ. ಯಾರಾದರೂ ಮೂರು ಅಕ್ಷರ ಹೇಳಬೇಕು, ಆ ಮೂರೂ ಇರುವ ಇಂಗ್ಲಿಷ್ ಶಬ್ದವನ್ನು ಅವನು ಹುಡುಕಿ ಕೊಡಬೇಕು. ಅಪ್ಪ ಒಳಗಿನಿಂದ ಚಿಮಣಿ ಎಣ್ಣೆಯ ಡಬ್ಬಿ ತರಿಸಿ, ಅದರ ಮೇಲಿದ್ದ ಅಕ್ಷರಗಳಲ್ಲಿ ಮೂರನ್ನು ಬೆರಳಿಟ್ಟು ತೋರಿಸಿದ. ಬಿ, ಎಲ್, ಟಿ. ಉಳಿವೆಪ್ಪ ಟೇಬಲ್ ಎಂದ, ಬಾಟಲ್ ಎಂದ, ಬೆಲ್ಟ್ ಎಂದ. ಅಪ್ಪನ ಮುಖ ಅರಳಿತು.

ನನಗೆ ಅವನ ಗತ್ತು ನೋಡಿ ಮೈ ಉರಿಯಿತು. ಶಾಲೆಯ ಗೋಡೆಯ ಮೇಲಿನ ಅಕ್ಷರಗಳಲ್ಲಿ ಎಲ್ಲಕ್ಕಿಂತ ಸೊಟ್ಟಗಿದ್ದವನ್ನು ನೆನಪು ಮಾಡಿಕೊಂಡು ಎಕ್ಸ್, ಝಡ್, ಕ್ಯೂ ಎಂದೆ. ಅವನು ಚಹಾದ ಬಟ್ಟಲು ಕೆಳಗಿಟ್ಟು, ಕಣ್ಣು ಪಿಳುಕಿಸದೆ, ಝಕ್ಸಿಕ್ವಾ ಎಂದ. ಹಾಗೆಂದರೆ ಬಾಗಿಲು ತೆರೆದ ಕೂಡಲೆ ಒಳಗೆ ಬರುವ ತಣ್ಣನೆಯ ಗಾಳಿ ಎಂದರ್ಥವಂತೆ.

ಬಾಗಿಲ ಹಿಂದೆ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನನಗೆ ಹೇಳಿದಳು: "ಅಂವಾ ಶುದ್ಧ ಸುಳ್ಳ ಹೇಳ್ಯಾನ. ಆದ್ರ ಎಷ್ಟ ಚಂದ ಹೇಳಿದ ನೋಡು. ಇಂಥಾವ ಮನಿಯಾಗಿದ್ರ ಬ್ಯಾಸರ ಅನ್ನೂದ ಇರೂದಿಲ್ಲ. ನಾ ಇವನ್ನ ಮಾಡ್ಕೊಳ್ತೇನಿ."

ಮಾಡಿಕೊಳ್ಳುತ್ತೇನೆ ಎಂದರೆ ಆಯಿತೆ? ಅಪ್ಪ ಸಾಮಾನು ಕೊಳ್ಳುವಾಗ ಮೂರು ಸಲ ತಿರುವಿ ನೋಡುವವ. ಸವಣೂರಿನಲ್ಲಿ ಅವನಿಗೆ ಮಹಮ್ಮದಗೌಸ ಮಾಸ್ತರರ ಪರಿಚಯವಿತ್ತು. ಎಷ್ಟೋ ವರ್ಷ ಇಂಗ್ಲಿಷ್ ಕಲಿಸಿದವರು. ಅವರು ಬಂದು ಹುಡುಗನ ಪರೀಕ್ಷೆ ಮಾಡಲಿ, ಅವರು ಹೂಂ ಅಂದರೆ ಮದುವೆ, ಇಲ್ಲವೆಂದರೆ ವೀರವ್ವನನ್ನು ಮಾಸೂರಿನವನಿಗೇ ಕೊಡುವುದು ಎಂದುಬಿಟ್ಟ. ಮಾಸೂರಿನವನು ಹೆಂಡತಿ ಸತ್ತು ಎರಡನೇ ಸಂಬಂಧ ಹುಡುಕುತ್ತಿದ್ದವ. ಬಾಯಿ ತೆರೆದರೆ ಮದಗದ ಕೆರೆಯ ನೀರು ಯಾವ ಗದ್ದೆಗೆ ಹೋಯಿತು, ಯಾವುದಕ್ಕೆ ಹೋಗಲಿಲ್ಲ ಎಂಬುದೊಂದೇ ಮಾತು. ಅಕ್ಕನಿಗೆ ಅನ್ನ ಸೇರದಾಯಿತು. ನನಗೂ ಸಂಕಟವಾಯಿತು. ಅಂಥ ಸೊಟ್ಟ ಅಕ್ಷರಗಳನ್ನು ಮಾಸ್ತರರೂ ಕೇಳಿದರೆ ಗತಿಯೇನು?

ಮಾಸ್ತರರು ಕೇಳಿಯೇ ಕೇಳಿದರು. ಪಡಸಾಲೆಯಲ್ಲಿ ಲೋಡಿಗೆ ಒರಗಿ, ತಮ್ಮೂರಿನಿಂದ ತಂದ ವೀಳ್ಯದೆಲೆಗೆ ಸುಣ್ಣ ಸವರುತ್ತ, ಮೊದಲು ಸುಲಭದ ಅಕ್ಷರ ಕೊಟ್ಟರು. ಉಳಿವೆಪ್ಪ ಥಟ್ಟನೆ ಹೇಳಿದ. ಆಮೇಲೆ ವಿ, ಜೆ, ಕ್ಯೂ ಎಂದರು. ಉಳಿವೆಪ್ಪ ಅಂಗಿಯ ಕಾಲರಿನಲ್ಲಿ ಬೆರಳಾಡಿಸಿದ. ಜಕ್ವೀವಾ ಎಂದ. ಸಂಜೆ ಕರುವಿಗಾಗಿ ಹಸು ಕೂಗುತ್ತದಲ್ಲ, ಆ ಕೂಗಿಗೆ ಇಂಗ್ಲಿಷರು ಹಾಗೆನ್ನುತ್ತಾರಂತೆ.

ಸುಣ್ಣ ಸವರುತ್ತಿದ್ದ ಬೆರಳು ನಿಂತಿತು. ಅಪ್ಪ ಮಾಸ್ತರರ ಮುಖ ನೋಡಿದ. ಆಗ ಅಕ್ಕ ಚಹಾ ಹಿಡಿದು ಹೊರಗೆ ಬಂದಳು. ತಲೆ ಬಗ್ಗಿಸಿ ಮಾಸ್ತರರ ಮುಂದೆ ಬಟ್ಟಲಿಟ್ಟು, ಅಪ್ಪನ ಕಡೆ ತಿರುಗಿ, ಏನೂ ಅರಿಯದವಳ ಹಾಗೆ ಕೇಳಿದಳು:

"ಅಪ್ಪಾ, ಮಾಸ್ತರ್ರಿಗೆ ಗೊತ್ತಿಲ್ಲದ ಇಂಗ್ಲಿಷ್ ಶಬ್ದಾನೂ ಇರ್ತಾವೇನು?"

ಅಪ್ಪ ಅವಳನ್ನು ಗದರಿಸಲು ಬಾಯಿ ತೆರೆದ. ಅಷ್ಟರಲ್ಲಿ ಮಾಸ್ತರರು ನೆಟ್ಟಗೆ ಕೂತರು. ಅಷ್ಟು ವರ್ಷ ಕಲಿಸಿದ ಮನುಷ್ಯ, ಹತ್ತು ಜನರ ಎದುರು ತನಗೆ ಒಂದು ಶಬ್ದ ಗೊತ್ತಿಲ್ಲವೆಂದಾನೆಯೇ?

"ಹಳೇ ಶಬ್ದ ಅದರಿ, ಬಸವಣ್ಣೆಪ್ಪನವರ," ಎಂದರು. "ಈಗಿನ ಮಂದಿ ಬಳಸೂದಿಲ್ಲ. ಹುಡುಗ ಭಾಳ ಓದ್ಯಾನ."

ಮದುವೆ ಗೊತ್ತಾಯಿತು, ಅಕ್ಕನ ಗಂಡನೆಂದು ಉಳಿವೆಪ್ಪ ನನಗೆ ಮಾವನಾದ. ಮದುವೆಯ ದಿನ ಹೊಸಿಲ ಮುಂದೆ ಹೆಂಗಸರು ಅಡ್ಡಗಟ್ಟಿ, ಎರಡು ಸಾಲಿನ ಒಡಪು ಹಾಕಿ ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದರು. ಅಕ್ಕ ನಾಚಿದ ಹಾಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಹಂಸಭಾವಿ ಹಾದಿಗುಂಟ ಹೂವಿನ ಸಾಲ,
ಉಳಿವೆಪ್ಪರು ಸಿಕ್ಕಾರ ನನಗ ಝಕ್ಸಾವಾಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಅದು ಇಂಗ್ಲಿಷ್ ಎಂದಳು ಅಕ್ಕ. ಎಲ್ಲರ ಕಣ್ಣೂ ಉಳಿವೆಪ್ಪ ಮಾವನ ಮೇಲೆ ಬಿದ್ದವು. ಮಾವನ ಮುಖ ನೋಡಬೇಕಿತ್ತು. ಅಂಥ ಶಬ್ದ ಇಲ್ಲವೆಂದರೆ ತನ್ನ ಶಬ್ದಗಳೆಲ್ಲ ಬಯಲಾಗುತ್ತವೆ. ಹೌದು, ಇಂಗ್ಲಿಷೇ, ಆದರೆ ಅರ್ಥವನ್ನು ಅವಳೇ ಹೇಳಲಿ ಎಂದ.

"ಹೇಂತಿ ಮುಂದ ಎಂದೂ ಸುಳ್ಳ ಹೇಳದವ," ಎಂದಳು ಅಕ್ಕ.

ಅಪ್ಪ ಖಾತ್ರಿಗಾಗಿ ಮಾಸ್ತರರ ಕಡೆ ನೋಡಿದ. ಇದೂ ಹಳೆಯ ಶಬ್ದವೇ ಎಂದರು ಮಾಸ್ತರರು. ಮಾವ ತಲೆಯಾಡಿಸಿದ. ಬೇರೆ ಏನು ಮಾಡಿಯಾನು?

ಸುಗ್ಗಿ ಮುಗಿದ ಮೇಲೆ ಮಗಳು ಅಳಿಯ ಊರಿಗೆ ಬಂದಾಗ ಅಪ್ಪ ಅದೇ ರುಮಾಲು ಸುತ್ತಿಕೊಂಡು ಅಳಿಯನನ್ನು ಕಚೇರಿಗೆ ಕರೆದುಕೊಂಡು ಹೋದ. ಮಾಮಲೇದಾರರು ಇಂಗ್ಲಿಷಿನಲ್ಲಿ ಏನೋ ಅಂದರು, ಕಾರಕೂನ ನಕ್ಕ. ಏನಂದರೆಂದು ಅಪ್ಪ ಕೇಳಿದ. ಇಂಥ ರುಮಾಲು ಈ ತಾಲೂಕಿನಲ್ಲಿ ಇನ್ನೊಬ್ಬರ ತಲೆಯ ಮೇಲಿಲ್ಲ ಅಂದರು ಎಂದ ಮಾವ. ಅಪ್ಪ ಮನೆಗೆ ಬಂದು ಅದನ್ನು ಓಣಿಗೆಲ್ಲ ಹೇಳಿದ.

ಒಲೆಯ ಮುಂದೆ ಕೂತಿದ್ದ ಅಕ್ಕ ಒಂದೇ ಮಾತು ಕೂಗಿದಳು, "ಝಕ್ಸಾವಾಲ."

ಮಾವ ಎದ್ದು ಒಳಗೆ ಬಂದು ಅವಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. "ಒಂದಕ್ಷರಾನೂ ತಿಳೀಲಿಲ್ಲ," ಎಂದ.

"ಗೊತ್ತಿತ್ತರಿ," ಎಂದು ಅಕ್ಕ ಬಿಸಿ ರೊಟ್ಟಿ ಮುರಿದು ಮೊದಲ ತುಂಡನ್ನು ಅವನ ಕೈಗಿಟ್ಟಳು. "ಅಪ್ಪಗ ಹೇಳಿದ್ದು ಹಂಗ ಇರಲಿ."

ಹೊರಗೆ ಅಪ್ಪ ಆ ಉರಿಬಿಸಿಲಿನ ಸೆಕೆಯಲ್ಲೂ ರುಮಾಲು ತೆಗೆಯದೆ ಊಟಕ್ಕೆ ಕೂತಿದ್ದ.