ಖಿಯೆಮ್‌ನ ತುಂಡು ಮಾತ್ರ ತಣ್ಣಗಾಯಿತು

ಹನೋಯ್‌ನ ಆ ಪ್ರಯೋಗಾಲಯದಲ್ಲಿ ಉಯೆನ್ ಬಹಳ ವರ್ಷದಿಂದ ಒಂದೇ ಲೋಹದ ಬೆನ್ನು ಹತ್ತಿದ್ದಳು. ಆಯಸ್ಕಾಂತದ ಬಾಯಿಗಿಟ್ಟರೆ ಬಿಸಿಯಾಗಬೇಕು, ಹೊರಗೆಳೆದರೆ ತಣ್ಣಗಾಗಬೇಕು. ಗ್ಯಾಸಿಲ್ಲದ ಫ್ರಿಜ್ ಅದರಿಂದ ಆಗಬೇಕು. ಮ್ಯಾಂಗನೀಸ್, ಕಬ್ಬಿಣ, ರಂಜಕ, ಸಿಲಿಕಾನ್ ಹೇಗೆ ಬೆರೆಸಿದರೂ ಕೋಣೆಯ ಶಾಖದಲ್ಲಿ ಅದು ಅರ್ಧ ಡಿಗ್ರಿಗಿಂತ ಹೆಚ್ಚು ಇಳಿಯಲು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ಹ್ವೆ ಊರಿಂದ ಹೊಸದಾಗಿ ಬಂದು ಸೇರಿದ ಹುಡುಗ ಖಿಯೆಮ್‌ನ ತುಂಡು ಎರಡು ಡಿಗ್ರಿ ಇಳಿಯಿತು. ಉಯೆನ್‌ಳದೇ ಪುಡಿ, ಅವಳದೇ ಕುಲುಮೆ.

ಪ್ರಯೋಗಾಲಯ ನಡೆಸುವ ಮೇಷ್ಟ್ರು ಹಿಗ್ಗಿದರು. ಉಯೆನ್ ಶಾಖ ಅಳೆಯುವ ತಂತಿ ಬದಲಾಯಿಸಿ ನೋಡಿದಳು. ಮತ್ತೆ ಎರಡೇ ಡಿಗ್ರಿ. ಆಮೇಲೆ ಅವಳು ಖಿಯೆಮ್‌ನ ಕೈಗಳನ್ನೇ ಗಮನಿಸತೊಡಗಿದಳು. ಮಧ್ಯಾಹ್ನ ಊಟವಾಗಿ ಎಲ್ಲರೂ ಮೇಜಿನ ಸಂದಿಯಲ್ಲಿ ಚಾಪೆ ಹಾಸಿ ಒರಗುವ ಹೊತ್ತಿಗೆ ಅವನು ಹೊಸ ತುಂಡನ್ನು ಜೇಬಿಗಿಳಿಸಿ ಮಾಯವಾಗುತ್ತಿದ್ದ. ಒಂದು ದಿನ ಅವಳೂ ಹಿಂದೆಯೇ ಮೆಟ್ಟಿಲೇರಿದಳು.

ಮೇಲಿನ ಜೀವಶಾಸ್ತ್ರದವರ ಕೋಣೆಯಲ್ಲಿ ಅವನು ಹೊಗೆಯಾಡುವ ದ್ರವ ಸಾರಜನಕಕ್ಕೆ ತುಂಡನ್ನು ಚಿಮಟದಿಂದ ಇಳಿಸುತ್ತಿದ್ದ.

"ತುಂಡು ಬದಲಾಯಿಸ್ತಿದ್ದೀಯಾ?" ಉಯೆನ್ ಕೇಳಿದಳು.

ಅವನು ತಿರುಗಲಿಲ್ಲ. "ಬದಲಾಯ್ಸೋಕೆ ನಂಗೇನು ಮಾವನ ಕಾರ್ಖಾನೆ ಇದ್ಯಾ ಅಕ್ಕ? ಹೊಸ ಲೋಹ ಮೊದಲ್ನೇ ಸಲ ಮೊಂಡು ಹಿಡಿಯತ್ತೆ. ಒಂದ್ಸಲ ಗಡಗಡ ನಡುಗೋ ಚಳಿ ತೋರ್ಸಿದ್ರೆ ಆಮೇಲೆ ಮಾತು ಕೇಳತ್ತೆ."

"ನಾನೂ ಮಂಜುಗಡ್ಡೇಲಿ ಇಟ್ಟು ನೋಡಿದೀನಿ."

"ಈ ಬೆರಕೆಗೆ ಅಷ್ಟು ಸಾಲ್ದು."

"ಮತ್ತೆ ಕದ್ದುಮುಚ್ಚಿ ಯಾಕೆ?"

"ಹಿಂದೆ ಕೆಲ್ಸ ಮಾಡ್ತಿದ್ದ ಕಡೆ ಬಾಯಿಬಿಟ್ಟಿದ್ದೆ. ಲೇಖನ ಅಚ್ಚಾದಾಗ ನನ್ನ ಹೆಸರೇ ಇರ್ಲಿಲ್ಲ."

ಅವಳು ನಂಬಲಿಲ್ಲ. ಕೆಳಗಿಳಿದು, ತಾನೇ ಬೇಡವೆಂದು ಎತ್ತಿಟ್ಟಿದ್ದ ತುಂಡೊಂದನ್ನು ತಂದಳು. ತಾನೇ ಅದ್ದಿದಳು, ತಾನೇ ಎತ್ತಿದಳು. ಅದು ಕೋಣೆಯ ಶಾಖಕ್ಕೆ ಬರುವವರೆಗೆ ಕಣ್ಣು ಕೀಳದೆ ಕಾದು ಕೂತಳು. ಆಯಸ್ಕಾಂತದ ಹತ್ತಿರ ಖಿಯೆಮ್‌ನನ್ನು ಬಿಡಲೇ ಇಲ್ಲ. ತುಂಡನ್ನು ಹೊರಗೆಳೆದಳು. ಎರಡು ಡಿಗ್ರಿ ಇಳಿದಿತ್ತು.

ಇಷ್ಟು ವರ್ಷ ಎಸೆದ ತುಂಡುಗಳನ್ನೆಲ್ಲ ಅವಳು ಮನಸ್ಸಿನಲ್ಲೇ ಎಣಿಸಿದಳು.

"ನಿನ್ನ ಹೆಸರೇ ಮೊದಲು ಹಾಕ್ಸೋಣ," ಅಂದಳು.

"ಅದನ್ನ ಮೇಷ್ಟ್ರ ಮುಂದೆ ಹೇಳು. ಈಗಲೇ."

ಹೇಳಿದಳು. ಅವನು ಬಾಗಿಲಲ್ಲಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡ. ಲೇಖನ ಹಾಗೆಯೇ ಅಚ್ಚಾಯಿತು. ಅಚ್ಚಾಗುವ ಮುಂಚೆ ಕರಡನ್ನು ಅವನು ಮೂರು ಸಲ ತರಿಸಿಕೊಂಡು ನೋಡಿದ್ದು ಅವಳಿಗೆ ಗೊತ್ತು.

ಚಳಿಗಾಲದಲ್ಲಿ, ಈ ಲೋಹದಿಂದ ಫ್ರಿಜ್ ಕಟ್ಟುವವರಿಂದ ಕರೆ ಬಂತು: ನೀವಿಬ್ಬರೂ ಮಾಡಿ ಕಳಿಸಿದ ಲೋಹದ ಕಾಳುಗಳು ಬಿರುಕುಬಿಟ್ಟು ಪುಡಿಯಾಗುತ್ತಿವೆ. ಇಬ್ಬರೂ ಸ್ಕೂಟರ್ ಹತ್ತಿ ಓಡಿದರು.

"ನಾನ್ ಮಾಡಿದ್ ಕಾಳಲ್ಲ," ಅಂದ ಖಿಯೆಮ್.

"ನಂದೂ ಅಲ್ಲ," ಅಂದಳು ಉಯೆನ್.

ಪೆಟ್ಟಿಗೆಯಲ್ಲಿ ಇಬ್ಬರ ಕಾಳೂ ಬೆರೆತುಹೋಗಿದ್ದವು. ಯಾರದು ಯಾವುದೆಂದು ಹೇಳುವವರಿರಲಿಲ್ಲ. ಈಗ ಬಿರುಕುಬಿಡದ ಬೆರಕೆಗಾಗಿ ಇಬ್ಬರೂ ಕುಲುಮೆಯ ಮುಂದೆ ಒಟ್ಟಿಗೇ ನಿಲ್ಲುತ್ತಾರೆ, ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಾ.