ಇಳಿಕೆಗೆ ಕಾರಣ

ಶವಪೆಟ್ಟಿಗೆಯ ಮೂರು ಮೂಲೆ ಎದ್ದವು. ನಾಲ್ಕನೆಯದು ನೆಲ ಬಿಡಲಿಲ್ಲ. ಎತ್ತಿದವರು ಮತ್ತೆ ಕೆಳಗಿಟ್ಟರು.

“ಲಿಫ್ಟಲ್ಲಿ ಹಿಡಿಸಲ್ಲ, ಮೆಟ್ಟಿಲೇ ಗತಿ. ಇನ್ನೊಬ್ರು ಬನ್ನಿ,” ಎಂದರು ಮುಂದಿನ ಮೂಲೆಯಲ್ಲಿದ್ದ ಮ್ಯಾನೇಜರ್. ಸತ್ತವನು ಕೆಲಸ ಮಾಡುತ್ತಿದ್ದ ಹೂಡಿಕೆ ನಿಧಿಯನ್ನು ನಡೆಸುವವರು ಅವರೇ.

ಎಲ್ಲರೂ ಬಾಗಿಲ ಬಳಿಯಿದ್ದ ಸತ್ತವನ ತಮ್ಮನ ಕಡೆ ನೋಡಿದರು. ಅವನು ಕಟ್ಟಿದ ಕೈ ಬಿಡಲಿಲ್ಲ. ಅಂಗಡಿ ಮಾರಿದ ಹಣವನ್ನೆಲ್ಲ ಅಣ್ಣನ ಮಾತು ನಂಬಿ ಆ ನಿಧಿಗೆ ಹಾಕಿ ಕಳೆದುಕೊಂಡವನು.

“ಕಾರಣಪ್ಪ ಬದುಕಿದ್ದಿದ್ರೆ ಇದಕ್ಕೂ ಒಂದು ಕಾರಣ ಬರೀತಿದ್ದ,” ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಸತ್ತವನಿಗೆ ಆ ಅಡ್ಡಹೆಸರು ಕೆಲಸದಿಂದ ಬಂದದ್ದು. ನಿಧಿ ಏಕೆ ಏರಿತು, ಏಕೆ ಇಳಿಯಿತು ಎಂದು ಹಣ ಹಾಕಿದವರಿಗೆ ಮೂರು ತಿಂಗಳಿಗೊಮ್ಮೆ ವರದಿ ಬರೆಯುವುದೇ ಅವನ ಉದ್ಯೋಗವಾಗಿತ್ತು.

*

ನಿಧಿ ಕುಸಿಯತೊಡಗಿದಾಗ ಒಮ್ಮೆ, ಒಮ್ಮೆ ಮಾತ್ರ, ಅವನು ಬರೆದಿದ್ದ: ‘ತಪ್ಪು ನಮ್ಮದೇ. ಮುಳುಗುವ ಕಂಪನಿಗಳ ಷೇರುಗಳನ್ನು ಗೊತ್ತಿದ್ದೂ ಹಿಡಿದುಕೊಂಡೆವು.’

ಮ್ಯಾನೇಜರ್ ನಕ್ಕರು. “ಏರಿದ್ರೆ ನಮ್ಮ ಜಾಣತನ. ಇಳಿದ್ರೆ ಬಡ್ಡಿ ದರ, ತೈಲದ ಬೆಲೆ, ಎಲ್ಲೋ ಒಂದು ಯುದ್ಧ. ತಲೆ ಹಣ್ಣಾದ್ರೂ ಗೊತ್ತಾಗ್ಲಿಲ್ವೇನ್ರೀ?”

ತಿದ್ದಿ ಕೊಟ್ಟ. ಮನೆಗೆ ಬಂದು ಹೆಂಡತಿಗೆ ನಡೆದದ್ದೆಲ್ಲ ಹೇಳಿದ; ಓದಿ ಅವರು ಮೆಚ್ಚಿದ ಬಗೆಯನ್ನು ಮಾಡಿ ತೋರಿಸಿದ: ಗದ್ದ ಒಮ್ಮೆ ಕೆಳಗೆ, ಕಣ್ಣು ಅರೆಮುಚ್ಚಿ. ಅವಳು ನಕ್ಕಳು, ಅವನು ನಗಲಿಲ್ಲ. ಅಷ್ಟರಲ್ಲಿ ತಮ್ಮನ ಫೋನು.

“ಅಣ್ಣಾ, ನಿಜ ಹೇಳು. ದುಡ್ಡು ತೆಗೆದುಬಿಡ್ಲಾ?”

ಅವನು ಫೋನು ಹಿಡಿದೇ ಹೆಂಡತಿಯತ್ತ ನೋಡಿದ. ಎದುರಿಗೆ ಅವಳು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು, ತಲೆಯೆತ್ತಲಿಲ್ಲ.

“ವರದಿ ಓದಿದ್ಯಲ್ಲ,” ಎಂದ ಕೊನೆಗೆ. “ಅದರಲ್ಲಿರೋದೇ.”

*

ತಮ್ಮ ಪೆಟ್ಟಿಗೆಯ ಪಕ್ಕದಲ್ಲಿದ್ದ ಅತ್ತಿಗೆಯ ಮುಂದೆ ಬಂದು ನಿಂತ. “ಒಂದೇ ಮಾತು ಅತ್ತಿಗೆ. ಅವತ್ತು ನಾನು ಫೋನ್ ಮಾಡ್ದಾಗ ಅಣ್ಣಂಗೆ ಗೊತ್ತಿತ್ತಾ?”

ಮ್ಯಾನೇಜರ್ ಬಗ್ಗಿ ಪೆಟ್ಟಿಗೆಯ ಹಿಡಿಯನ್ನು ನೋಡತೊಡಗಿದರು.

“ಇಲ್ಲಪ್ಪ,” ಎಂದಳು. ಅಷ್ಟು ಸಾಲದೆನಿಸಿತು. “ಯಾರಿಗೆ ತಾನೇ ಗೊತ್ತಾಗ್ತಿತ್ತು ಹೇಳು? ಬಡ್ಡಿ ದರ ಹಾಗಾಯ್ತು, ತೈಲದ ಬೆಲೆ ಹಾಗಾಯ್ತು. ಮೇಲೆ ಎಲ್ಲೋ ಯುದ್ಧ ಬೇರೆ.”

ತಮ್ಮನ ಮುಖ ಸಡಿಲಾಯಿತು. ಬಿಕ್ಕಿದ. ಕಣ್ಣೊರೆಸಿಕೊಂಡು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟ. ಪೆಟ್ಟಿಗೆ ಸಮವಾಗಿ ಎದ್ದಿತು.

ಮೆಟ್ಟಿಲ ತಿರುವಿನಲ್ಲಿ ಮ್ಯಾನೇಜರ್ ಹೊರಳಿ ಅವಳತ್ತ ನೋಡಿದರು. ಗದ್ದ ಒಮ್ಮೆ ಕೆಳಗಿಳಿಯಿತು, ಕಣ್ಣು ಅರೆಮುಚ್ಚಿತು.