ಎಣ್ಣೆಯಿಲ್ಲದ ಜಡೆ

"ಇದೇನಮ್ಮ ಇದು, ಚೆಲ್ಲಿದ ರಾಗಿ ಇದ್ದಂಗೈತೆ!"

ಬೆಂಗಳೂರಿನ ದೊಡ್ಡ ಮೈಕ್ರೋಸ್ಕೋಪಿನಲ್ಲಿ ತೆಗೆಸಿದ್ದ ಫೋಟೋವನ್ನು ಗೈಡ್ ಮೋಹನ್‌ಕುಮಾರ್ ಸರ್ ಮೇಜಿನ ಮೇಲೆ ಎಸೆದರು. ಸಂಶೋಧನೆಯ ಹುಡುಗಿ ಮಂಗಳಾ ತಲೆ ಎತ್ತಲಿಲ್ಲ. ಚಹಾ ತಂದಿದ್ದ ಅಟೆಂಡರ್ ಜುಂಜಪ್ಪ ಇಣುಕಿದ. ನಿಜವೇ. ಹಿಂದಿನ ಫೋಟೋಗಳಲ್ಲಿ ಕಣಗಳು ಕೂರಿಗೆ ಹೊಡೆದ ಹೊಲದ ಹಾಗೆ ಸಾಲುಸಾಲಾಗಿದ್ದವು.

ಕುದುರೆಯಿಂದ ತೆಗೆದ ಪ್ರೋಟೀನಿನ ನ್ಯಾನೋ ಕಣಗಳವು. ಲ್ಯಾಬಿನ ಪುಟ್ಟ ಬಿಳಿ ತೊಟ್ಟಿಯ ನೀರಿನ ಮೇಲೆ ಹರಡಿ, ಮೆಲ್ಲಗೆ ಒತ್ತರಿಸಿ, ಗಾಜಿನ ತುಂಡಿನ ಮೇಲೆ ಕೆನೆಯ ಹಾಗೆ ಎತ್ತಿಕೊಳ್ಳಬೇಕು. ಚೂರು ಜಿಡ್ಡು ಸೋಕಿದರೂ ಸಾಲು ಕೆಟ್ಟಂತೆಯೇ. ಅದಕ್ಕೆಂದೇ ಹೊಸದುರ್ಗದ ಕಡೆಯ ಶ್ರೀರಾಂಪುರದ ಈ ಹುಡುಗಿ ಎರಡು ವರ್ಷದಿಂದ ತಲೆಗೆ ಎಣ್ಣೆ ಸೋಕಿಸಿರಲಿಲ್ಲ. ತಾಯಿ ಕಾಟಮ್ಮ ಬೈದು ಬೈದು ಸಾಕಾಗಿದ್ದಳು.

"ಪ್ರೋಟೀನ್ ಎಷ್ಟು ಉಳಿದೈತೆ?"

"ಮುಗೀತು ಸಾರ್."

"ಹಂಗಾದ್ರೆ ಪ್ರಾಜೆಕ್ಟೂ ಮುಗೀತು, ನಿನ್ನ ಫೆಲೋಶಿಪ್ಪೂ ಮುಗೀತು. ಈ ಸಲ ಸಾಲು ಬರ್ದೇ ಇದ್ರೆ ನಿಲ್ಲಿಸ್ತೀವಿ ಅಂತ ಕಮಿಟಿಯೋರು ಮೊದ್ಲೇ ಹೇಳಿದ್ರು. ತೊಟ್ಟಿಗೆ ಎಣ್ಣೆ ಬಿದ್ದೈತೆ. ತಲೆಗೆ ಹಚ್ಕಂಡು ಬರಬ್ಯಾಡ ಅಂತ ಎಷ್ಟು ಬಡ್ಕಂಡೆ!"

"ಹಚ್ಚಿಲ್ಲ ಸಾರ್, ದೇವ್ರಾಣೆ."

"ಮತ್ತೆ ಆಕಾಶದಿಂದ ಬಿತ್ತಾ?"

ಜುಂಜಪ್ಪನಿಗೆ ತಟ್ಟನೆ ನೆನಪಾಯಿತು. ಆಯುಧಪೂಜೆಯ ದಿನ ಮಂಗಳಾ ಊರಿಗೆ ಹೋಗಿದ್ದಳು. ಲ್ಯಾಬಿನ ಸಾಮಾನಿಗೆಲ್ಲ ವಿಭೂತಿ ಬಳಿದವನು ಅವನೇ. ತೊಟ್ಟಿ ಹೊಳೆಯಲಿ, ಆ ಕೂಸಿನ ಕೆಲಸ ಕೈಗೂಡಲಿ ಎಂದು ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿ, ಕೈಮುಗಿದಿದ್ದ. ಮರುದಿನ ಕುಂಕುಮ ವಿಭೂತಿ ತೊಳೆದುಹಾಕಿದ್ದ. ಎಣ್ಣೆ ಅಷ್ಟು ಸುಲಭಕ್ಕೆ ಎಲ್ಲಿ ಹೋದೀತು!

ಹೇಳಬೇಕು, ಈಗಲೇ ಹೇಳಬೇಕು. ಆದರೆ ಅವನ ಹದಿನಾಲ್ಕು ವರ್ಷದ ದಿನಗೂಲಿಯನ್ನು ಕಾಯಂ ಮಾಡುವ ಕಾಗದ ಅದೇ ಮೇಜಿನ ಮೇಲೆ, ಆ ಫೋಟೋದ ಅಡಿಯಲ್ಲೇ, ಸರ್ ಸಹಿಗೆ ಕಾದು ಬಿದ್ದಿತ್ತು. ಥೂ, ಎಂಥ ಬಾಳು! ಚಹಾ ಇಟ್ಟು ಹೊರಗೆ ಬಂದುಬಿಟ್ಟ.

ಸಂಜೆ ಮಂಗಳಾ ಬ್ಯಾಗು ಹಿಡಿದು ಬಂದು, ಲ್ಯಾಬಿನ ಬೀಗದಕೈ ಅವನಿಗೆ ಕೊಟ್ಟಳು. ಕಣ್ಣು ಊದಿಕೊಂಡಿದ್ದವು.

"ಜುಂಜಣ್ಣ, ಪೂಜೆಗೆ ತಂದಿದ್ದ ಎಣ್ಣೆ ಬೀರುವಿನಾಗೆ ಐತಲ್ಲ, ಒಂಚೂರು ಕೊಡಣ್ಣ."

ಇವಳಿಗೆ ಗೊತ್ತಾಗಿದೆಯೇ? ಮುಖ ನೋಡುವ ಧೈರ್ಯ ಬರಲಿಲ್ಲ. ಬಾಟಲಿ ತಂದು, ಮುಚ್ಚಳ ತೆಗೆದು ಕೊಟ್ಟ.

ಹೊಸದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಮೆಟ್ಟಿಲ ಮೇಲೆ ಕುಳಿತು ಜಡೆ ಬಿಚ್ಚಿದಳು. ಅಂಗೈ ತುಂಬ ಎಣ್ಣೆ ಸುರಿದುಕೊಂಡು ಒಣಗಿದ ನೆತ್ತಿಗೆ ತಟ್ಟಿದಳು, ಕೂದಲಿಗೆಲ್ಲ ಸವರಿ ನಿಧಾನವಾಗಿ ಮತ್ತೆ ಹೆಣೆಯತೊಡಗಿದಳು. ಜುಂಜಪ್ಪ ಮುಚ್ಚಳ ಹಿಡಿದುಕೊಂಡು ಹಿಂದೆ ನಿಂತೇ ಇದ್ದ.